ಕಲ್ಲಿದ್ದಲಿನ ಧೂಳಿಗೆ ಯಾವ ವೆಟಿಂಗ್ ಏಜೆಂಟ್? ಡ್ರಮ್ ಕೊಳ್ಳುವ ಮೊದಲು ನಿಮ್ಮ ಬೋರ್‌ವೆಲ್ ನೀರು ನೋಡಿ

ಅಂಗೈಯಲ್ಲಿ ಸ್ವಲ್ಪ ಕಲ್ಲಿದ್ದಲಿನ ಪುಡಿ ಹಾಕಿಕೊಂಡು ಅದರ ಮೇಲೆ ಒಂದು ಹನಿ ನೀರು ಬಿಡಿ. ಹನಿ ಒಳಗೆ ಇಳಿಯುವುದಿಲ್ಲ. ತಾವರೆ ಎಲೆ ಮೇಲೆ ಕೂತ ಹಾಗೆ ಗುಂಡಗೆ ಕೂರುತ್ತದೆ. ಕೈ ಸ್ವಲ್ಪ ವಾಲಿಸಿದರೆ ಮೈತುಂಬ ಕರಿ ಧೂಳು ಮೆತ್ತಿಕೊಂಡು ಉರುಳಿ ಹೋಗುತ್ತದೆ. ಹನಿ ಕೂತಿದ್ದ ಜಾಗ ಮುಟ್ಟಿ ನೋಡಿದರೆ ಪುಡಿ ಒಣಗೇ ಇರುತ್ತದೆ.

ಸೇಡಂ, ಮಳಖೇಡ, ಚಿತ್ತಾಪುರ, ವಾಡಿ ಕಡೆಯ ಕಲ್ಲಿದ್ದಲು ಯಾರ್ಡುಗಳಲ್ಲಿ ದಿನಾ ನಡೆಯೋದು ಇದೇ. ಬೆಳಿಗ್ಗೆ ಟ್ಯಾಂಕರ್ ಬಂದು ರಾಶಿಯ ಮೇಲೆ ನೀರು ಹೊಡೆದು ಹೋಗುತ್ತದೆ. ಲೋಡರ್ ಬಂದು ಒಂದು ಬಕೆಟ್ ಎತ್ತಿದ ಕೂಡಲೇ ಮೋಡದ ಹಾಗೆ ಧೂಳು ಏಳುತ್ತದೆ. ಒಬ್ಬ ಲೋಡರ್ ಹುಡುಗ ನನಗೆ ಹೇಳಿದ್ದು ಹೀಗೆ: "ಮ್ಯಾಲಷ್ಟೇ ತೊಯ್ತದ್ರಿ ಸರ, ಒಳಗ ಒಣಾನೇ ಅದ." ಇದಕ್ಕಿಂತ ಚೆನ್ನಾಗಿ ಈ ಸಮಸ್ಯೆಯನ್ನು ಯಾರೂ ಹೇಳಲಾರರು.

ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಕಲ್ಲಿದ್ದಲು ಗಣಿ ಇಲ್ಲ. ನಮ್ಮದು ಸುಣ್ಣದಕಲ್ಲಿನ ನೆಲ, ಶಹಾಬಾದಿನ ಫರ್ಸಿಯ ನೆಲ. ಆದರೆ ಸಿಮೆಂಟ್ ಸುಡಲು ಕಲ್ಲಿದ್ದಲು ಬೇಕೇ ಬೇಕು. ಅದು ಸಿಂಗರೇಣಿಯಿಂದ, ಚಂದ್ರಾಪುರದ ಕಡೆಯಿಂದ, ಬಂದರುಗಳಿಂದ ರೈಲಿನಲ್ಲಿ ಬರುತ್ತದೆ. ಜೊತೆಗೆ ಅದರ ಧೂಳೂ ಬರುತ್ತದೆ. ನಾನು ಒಂದು ಕಾರ್ಖಾನೆಯ ಲ್ಯಾಬಿನಲ್ಲಿ, ಆಮೇಲೆ ಅದೇ ಕಾರ್ಖಾನೆಯ ಕಲ್ಲಿದ್ದಲು ಯಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು. ಈಗ ನನ್ನ ಹತ್ತಿರ ಮೂರು ಥರದ ಜನ ಒಂದೇ ಪ್ರಶ್ನೆ ತರುತ್ತಾರೆ. ಒಬ್ಬರು ಸಣ್ಣ ಯಾರ್ಡ್ ಇಟ್ಟುಕೊಂಡ ಕಾಂಟ್ರ್ಯಾಕ್ಟರ್. ಇನ್ನೊಬ್ಬರು ಕಾರ್ಖಾನೆಯ ಎಂಜಿನಿಯರ್. ಮತ್ತೊಬ್ಬರು ನಮ್ಮ ಕಡೆಯಿಂದ ತೆಲಂಗಾಣದ ಗಣಿಗಳಿಗೆ ಕೆಲಸಕ್ಕೆ ಹೋದವರು. ನೀರು ಧೂಳನ್ನು ಹಿಡಿಯಲಿ ಅಂತ ಅದಕ್ಕೆ ಬೆರೆಸುವ ಕೆಮಿಕಲ್, ಅಂದರೆ ವೆಟಿಂಗ್ ಏಜೆಂಟ್, ಹತ್ತಾರು ಇವೆ, ಯಾವುದು ತಗೋಬೇಕು ಅಂತ ಎಲ್ಲರೂ ಕೇಳುತ್ತಾರೆ.

ನನ್ನ ಉತ್ತರದ ಅರ್ಧ ಭಾಗ ಎಲ್ಲರಿಗೂ ಒಂದೇ: ಕೆಮಿಕಲ್‌ನ ಹೆಸರು ಆಮೇಲೆ, ಮೊದಲು ನಿಮ್ಮ ನೀರು, ನಿಮ್ಮ ಕಲ್ಲಿದ್ದಲು.

ನೀರು ಯಾಕೆ ಹಿಡಿಯೋದಿಲ್ಲ

ತೊಗರಿಗೆ ಔಷಧ ಹೊಡೆಯುವ ನಮ್ಮ ರೈತರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಪಂಪಿನ ಟ್ಯಾಂಕಿಗೆ ಒಂದು ಮುಚ್ಚಳ ಸ್ಟಿಕ್ಕರ್ ಹಾಕುತ್ತಾರೆ, ಅಲ್ವಾ? ಹಾಕದಿದ್ದರೆ ಹನಿ ಎಲೆಯ ಮೇಲಿಂದ ಜಾರಿ ನೆಲಕ್ಕೆ ಬೀಳುತ್ತದೆ. ಹಾಕಿದರೆ ಹರಡಿ ಕೂರುತ್ತದೆ. ಆ ಸ್ಟಿಕ್ಕರ್‌ನಲ್ಲಿ ಮುಖ್ಯವಾಗಿ ಇರುವುದು ಸರ್ಫ್ಯಾಕ್ಟೆಂಟ್. ಕಲ್ಲಿದ್ದಲಿಗೆ ಹಾಕುವುದೂ ಅದೇ ಜಾತಿಯದು.

ಲೆಕ್ಕದಲ್ಲಿ ಹೇಳಬೇಕೆಂದರೆ, ನೀರಿನ ಮೇಲ್ಮೈ ಎಳೆತ, ಅಂದರೆ ಹನಿಯನ್ನು ಗುಂಡಗೆ ಹಿಡಿದಿಡುವ ಬಲ, 25 ಡಿಗ್ರಿಯಲ್ಲಿ ಮೀಟರ್‌ಗೆ 72 ಮಿಲಿನ್ಯೂಟನ್. ಕಲ್ಲಿದ್ದಲಿನ ಮೇಲೆ ಅದು ತಾನಾಗಿ ಹರಡಬೇಕಾದರೆ ಸುಮಾರು 45ಕ್ಕೆ ಇಳಿಯಬೇಕು. ಒಳ್ಳೆಯ ಸರ್ಫ್ಯಾಕ್ಟೆಂಟ್ ಅದನ್ನು 30ರ ಹತ್ತಿರ ತರುತ್ತದೆ. ಅದರ ಅಣುವಿಗೆ ಎಣ್ಣೆಯ ಗುಣದ ಒಂದು ಬಾಲ, ನೀರನ್ನು ಇಷ್ಟಪಡುವ ಒಂದು ತಲೆ. ಬಾಲ ಕಲ್ಲಿದ್ದಲಿಗೆ ಅಂಟುತ್ತದೆ, ತಲೆ ನೀರಿನ ಕಡೆ ನಿಲ್ಲುತ್ತದೆ. ಆಗ ನೀರನ್ನು ದೂರ ತಳ್ಳುತ್ತಿದ್ದ ಕಣವೇ ನೀರನ್ನು ಬರಮಾಡಿಕೊಳ್ಳುತ್ತದೆ. ಒಂದು ಪ್ರಮಾಣ ದಾಟಿದ ಮೇಲೆ ಇನ್ನಷ್ಟು ಸುರಿದರೂ ಎಳೆತ ಇಳಿಯುವುದಿಲ್ಲ. ಹೆಚ್ಚಿನ ಅಣುಗಳು ನೀರಿನಲ್ಲೇ ಗುಂಪುಕಟ್ಟಿಕೊಂಡು ಸುಮ್ನೆ ತಿರುಗುತ್ತಿರುತ್ತವೆ. "ಜಾಸ್ತಿ ಹಾಕಿದರೆ ಜಾಸ್ತಿ ಕೆಲಸ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳಿನದೇ ನನಗೆ ಚಿಂತೆ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಶ್ವಾಸಕೋಶದ ಆಳಕ್ಕೆ ಇಳಿಯುವುದು 5 ಮೈಕ್ರಾನ್‌ಗಿಂತ ಸಣ್ಣದು. ಅಲ್ಲಿ ಕೂತ ಕಲ್ಲಿದ್ದಲು ಪೂರ್ತಿ ಹೊರಗೆ ಬರುವುದಿಲ್ಲ. ಆದ ಗಾಯವನ್ನು ಯಾವ ಔಷಧವೂ ವಾಪಸ್ ಸರಿಮಾಡುವುದಿಲ್ಲ. ಅಮೆರಿಕದಲ್ಲಿ 2016ರಿಂದ ಕಲ್ಲಿದ್ದಲು ಗಣಿಯ ಗಾಳಿಯಲ್ಲಿ ಇಂಥ ಧೂಳು ಒಂದು ಘನ ಮೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ. ಚಿಟಿಕೆಗೂ ಸಿಗದಷ್ಟು ಕಡಿಮೆ ಅದು.

ಯಾವುದನ್ನು ನೋಡಿ ಆರಿಸಬೇಕು

ನೀರು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅದು ಕ್ಯಾಲ್ಸಿಯಂ, ಮೆಗ್ನೀಶಿಯಂ. ಕೆಲವು ಸರ್ಫ್ಯಾಕ್ಟೆಂಟ್‌ಗಳು ಇವುಗಳ ಜೊತೆ ಸೇರಿ ಮೊಸರಿನ ಹಾಗೆ ಒಡೆದುಹೋಗುತ್ತವೆ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಸಲ ಆರಿಸುವ ಜವಾಬ್ದಾರಿ ನನ್ನ ಮೇಲೆ ಬಂದಾಗ ನಾಲ್ಕು ಸ್ಯಾಂಪಲ್ ತರಿಸಿ ಲ್ಯಾಬಿನ ಡಿಸ್ಟಿಲ್ಡ್ ನೀರಿನಲ್ಲಿ ಪರೀಕ್ಷೆ ಮಾಡಿದೆ. ಎಲ್ಲಕ್ಕಿಂತ ಅಗ್ಗದ್ದೇ ಚೆನ್ನಾಗಿ ಕೆಲಸ ಮಾಡಿತು. ಖುಷಿಯಿಂದ ಡ್ರಮ್‌ಗಳನ್ನು ತರಿಸಿದೆವು. ಯಾರ್ಡಿನ ಟ್ಯಾಂಕಿನಲ್ಲಿ ಬೋರ್‌ವೆಲ್ ನೀರಿಗೆ ಬೆರೆಸಿದ ದಿನ ನೀರು ಹಾಲಿನ ಬಣ್ಣಕ್ಕೆ ತಿರುಗಿತು. ಸಂಜೆಗೆ ನಾಝಲ್‌ಗಳ ಜಾಲರಿಯಲ್ಲಿ ಬಿಳಿ ಲೋಳೆ ಕಟ್ಟಿತ್ತು. ಏಪ್ರಿಲ್ ತಿಂಗಳು, 40 ಡಿಗ್ರಿ ದಾಟಿದ ಬಿಸಿಲು. ನಾಝಲ್ ಬಿಚ್ಚಿ ತೊಳೆಯಲು ಹತ್ತಿದ ಹುಡುಗರು ಆ ಇಡೀ ವಾರ ಧೂಳು ಕುಡಿದರು. ತಪ್ಪು ನನ್ನದು. ಕೆಮಿಕಲ್ ಕೆಟ್ಟದಾಗಿರಲಿಲ್ಲ, ನಾನು ಬೇರೆ ನೀರಿನಲ್ಲಿ ನೋಡಿದ್ದೆ.

ಕಲ್ಲಿದ್ದಲು. ಎಲ್ಲ ಕಲ್ಲಿದ್ದಲೂ ಒಂದೇ ಅಲ್ಲ. ಬೂದಿ ಹೆಚ್ಚಿರುವ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮಣ್ಣಿನ ಅಂಶ ಇರುತ್ತದೆ. ಮಣ್ಣು ನೀರು ಹಿಡಿಯುತ್ತದೆ, ಹಾಗಾಗಿ ಅದು ಸ್ವಲ್ಪ ಸುಲಭ. ಲಿಗ್ನೈಟ್‌ನಂಥ ಎಳೆಯ ಕಲ್ಲಿದ್ದಲಿನಲ್ಲಿ ಆಮ್ಲಜನಕದ ಗುಂಪುಗಳು ಜಾಸ್ತಿ, ಅದೂ ಸುಲಭ. ಬೂದಿ ಕಡಿಮೆ ಇರುವ ಬಲಿತ ಬಿಟುಮಿನಸ್ ಕಲ್ಲಿದ್ದಲು ಕಷ್ಟ. ಎಲ್ಲಕ್ಕಿಂತ ಹಠಮಾರಿ ಅಂದರೆ ಪೆಟ್‌ಕೋಕ್, ಕಚ್ಚಾ ತೈಲ ಶುದ್ಧ ಮಾಡುವಾಗ ಉಳಿಯುವ ಕರಿ ಇಂಧನ. ಅದರಲ್ಲಿ ಬೂದಿ ಇಲ್ಲದಷ್ಟು ಕಡಿಮೆ. ನಿಮ್ಮ ಯಾರ್ಡಿಗೆ ಎರಡು ಮೂರು ಥರ ಬರುತ್ತಿದ್ದರೆ ಕಷ್ಟದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಆ ಕಲ್ಲಿದ್ದಲು ಕೊನೆಗೆ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಮುಖ್ಯ. ಸಿಮೆಂಟ್ ಗೂಡಿಗೆ ಹೋಗುವುದಾದರೆ ಕ್ಲೋರೈಡ್ ಇರುವ ಏನನ್ನೂ ಬೆರೆಸಬಾರದು. ಕ್ಲೋರೈಡ್ ಗೂಡಿನ ಬಿಸಿಗೆ ಆವಿಯಾಗಿ, ಗೂಡಿಗೆ ಹೋಗುವ ಪುಡಿಯನ್ನು ಮೊದಲೇ ಕಾಯಿಸುವ ಪ್ರೀಹೀಟರ್‌ನಲ್ಲಿ ತಣ್ಣಗಾಗಿ, ಅದರ ಸೈಕ್ಲೋನ್ ಅನ್ನುವ ಶಂಕುವಿನಾಕಾರದ ಪಾತ್ರೆಗಳ ಒಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ತೇವ ಎಷ್ಟು ತಡೆಯುತ್ತೀರಿ? ಒಂದು ರೇಕ್‌ನಲ್ಲಿ, ಅಂದರೆ ಒಂದು ಇಡೀ ಗೂಡ್ಸ್ ರೈಲಿನಲ್ಲಿ, ಸುಮಾರು 4,000 ಟನ್ ಅಂತ ಹಿಡಿಯಿರಿ. ತೇವ ಶೇಕಡಾ 1 ಹೆಚ್ಚಾದರೆ 40,000 ಲೀಟರ್ ನೀರು. ಅದನ್ನು ಕಾಯಿಸಿ ಆವಿ ಮಾಡಲು, ಕಿಲೋಗೆ 4,000 ಕಿಲೋಕ್ಯಾಲರಿ ಕೊಡುವ ಕಲ್ಲಿದ್ದಲಾದರೆ, ಸುಮಾರು 6 ಟನ್ ಸುಡಬೇಕು. ಅದಕ್ಕಿಂತ ದೊಡ್ಡ ತಲೆನೋವು ಎಂದರೆ ಒದ್ದೆ ಪುಡಿ ಕಲ್ಲಿದ್ದಲು ಸುರಿಯುವ ಹಾಪರ್‌ನಲ್ಲಿ, ಅದು ಜಾರಿ ಇಳಿಯುವ ಚ್ಯೂಟ್‌ನಲ್ಲಿ ಕಚ್ಚಿಕೊಂಡು ನಿಂತುಬಿಡುವುದು. ಸರ್ಫ್ಯಾಕ್ಟೆಂಟ್‌ಗೆ ಕೊಡುವ ದುಡ್ಡು ಇಲ್ಲೇ ವಾಪಸ್ ಬರುತ್ತದೆ, ಯಾಕೆಂದರೆ ಕಡಿಮೆ ನೀರಿನಲ್ಲಿ ಅದೇ ಕೆಲಸ ಆಗುತ್ತದೆ.

ಬೆಲೆಯನ್ನು ಡ್ರಮ್ ಲೆಕ್ಕದಲ್ಲಿ ನೋಡಬೇಡಿ. ಒಳಗೆ ನಿಜವಾದ ಸರುಕು ಶೇಕಡಾ ಎಷ್ಟು ಅಂತ ಕೇಳಿ. ಎಸ್‌ಎಲ್‌ಇಎಸ್ (ಸೋಡಿಯಂ ಲಾರಿಲ್ ಈಥರ್ ಸಲ್ಫೇಟ್) ಅನ್ನುವ ಒಂದೇ ಸರ್ಫ್ಯಾಕ್ಟೆಂಟ್ ಶೇಕಡಾ 70ರ ಪೇಸ್ಟ್ ಆಗಿಯೂ ಶೇಕಡಾ 28ರ ದ್ರವವಾಗಿಯೂ ಬರುತ್ತದೆ. 5,000 ಲೀಟರ್ ಟ್ಯಾಂಕರ್‌ಗೆ ಶೇಕಡಾ 0.1ರಷ್ಟು ಬೇಕಾದರೆ ನಿಜವಾದ ಸರುಕು 5 ಕಿಲೋ. ಪೇಸ್ಟ್ ಆದರೆ 7 ಕಿಲೋ ಚಿಲ್ಲರೆ ಸಾಕು, ದ್ರವವಾದರೆ 18 ಕಿಲೋ ಬೇಕು.

ಈಗ ಒಂದೊಂದಾಗಿ

ಬರೀ ನೀರು: ರಸ್ತೆಗೆ ಸಾಕು. ಸಣ್ಣ ಪುಡಿಗೆ ಸಾಲದು. ಸುರಿದಷ್ಟೂ ಮೇಲಿನ ಪದರ ಕೆಸರಾಗುತ್ತದೆ, ಒಳಗೆ ಒಣಗೇ ಉಳಿಯುತ್ತದೆ.

ಬಟ್ಟೆ ತೊಳೆಯುವ ಪುಡಿ: ಸಣ್ಣ ಯಾರ್ಡಿನವರು ಮೊದಲು ಕೈ ಹಾಕುವುದು ಇದಕ್ಕೇ. ಬೇಡ ಅನ್ನುತ್ತೇನೆ. ಅದರಲ್ಲಿ ಸೋಡಾ ಮತ್ತು ಇತರ ಲವಣಗಳೇ ಹೆಚ್ಚು. ಕೆಲಸ ಮಾಡುವ ಸರುಕಿಗಿಂತ ಅವಕ್ಕೇ ಜಾಸ್ತಿ ದುಡ್ಡು ಕೊಟ್ಟ ಹಾಗಾಗುತ್ತದೆ. ನಾಝಲ್‌ನಲ್ಲಿ ಒಣಗಿದರೆ ಕಲ್ಲಾಗುತ್ತದೆ.

ಆಸಿಡ್ ಸ್ಲರಿ: ಪಾತ್ರೆ ತೊಳೆಯುವ ಲಿಕ್ವಿಡ್ ಮನೆಯಲ್ಲಿ ಮಾಡುವವರಿಗೆ ಗೊತ್ತಿರುವ ಕಂದು ಬಣ್ಣದ ಮಂದ ದ್ರವ. ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ಕಾಸ್ಟಿಕ್ ಹಾಕಿ ಆಮ್ಲವನ್ನು ಮುರಿಯಲೇಬೇಕು, ಕೈ ಸುಡುತ್ತದೆ. ನಾನು ಮೇಲೆ ಹೇಳಿದ ಕಥೆಯ ನಾಯಕ ಇದೇ. ಗಡಸು ನೀರಿನಲ್ಲಿ ಒಡೆಯುತ್ತದೆ. ನಿಮ್ಮಲ್ಲಿ ಮೆದು ನೀರು ಇದ್ದರೆ, ಅಂದರೆ ಮಳೆನೀರಿನ ಹೊಂಡವೋ ಸಾಫ್ಟ್‌ನರ್‌ನಿಂದ ಬಂದ ನೀರೋ ಇದ್ದರೆ, ಆಗ ಇಷ್ಟು ಕಡಿಮೆ ಖರ್ಚಿನಲ್ಲಿ ಬೇರೆ ಸಿಗುವುದಿಲ್ಲ.

ಎಸ್‌ಎಲ್‌ಇಎಸ್ ಮತ್ತು ಎಒಎಸ್: ಶಾಂಪೂ, ಡಿಟರ್ಜೆಂಟ್ ತಯಾರಿಸುವವರು ಬಳಸುವ ಸರುಕು. ಇವೂ ಸ್ಲರಿಯ ಹಾಗೆ ಋಣ ವಿದ್ಯುತ್ತಿನ ಜಾತಿಯವೇ, ಅಂದರೆ ಅಣುವಿನ ತಲೆಯಲ್ಲಿ ಋಣ ವಿದ್ಯುತ್ ಇರುವವೇ, ಆದರೆ ಗಡಸು ನೀರನ್ನು ಸ್ಲರಿಗಿಂತ ಚೆನ್ನಾಗಿ ತಡೆಯುತ್ತವೆ. ಮಣ್ಣಿನಲ್ಲಿ, ನೀರಿನಲ್ಲಿ ಬೇಗ ಕೊಳೆತು ಹೋಗುತ್ತವೆ. ತೊಂದರೆ ನೊರೆಯದು. ಟ್ಯಾಂಕಿಗೆ ಮೊದಲು ಕೆಮಿಕಲ್ ಹಾಕಿ ಆಮೇಲೆ ನೀರು ಬಿಟ್ಟರೆ ಅರ್ಧ ಟ್ಯಾಂಕಿಗೇ ನೊರೆ ಉಕ್ಕಿ ಹೊರಗೆ ಬರುತ್ತದೆ. ನೀರು ತುಂಬಿದ ಮೇಲೆ ಕೊನೆಗೆ ಹಾಕಬೇಕು. ಶೇಕಡಾ 70ರ ಪೇಸ್ಟ್‌ಗೆ ಸ್ವಲ್ಪ ಸ್ವಲ್ಪ ನೀರು ಸೇರಿಸುತ್ತಾ ಹೋದರೆ ಅದು ತೆಳ್ಳಗಾಗುವ ಬದಲು ಇನ್ನೂ ಗಟ್ಟಿ ಜೆಲ್ ಆಗಿ ಕೋಲಿಗೆ ಹಿಡಿದುಕೊಳ್ಳುತ್ತದೆ. ದೊಡ್ಡ ಬ್ಯಾರೆಲ್ ನೀರಿಗೆ ಪೇಸ್ಟನ್ನು ತುಸು ತುಸುವಾಗಿ ಬಿಟ್ಟು ಕದಡಬೇಕು. ದ್ರವ ಕೊಂಡವರಿಗೆ ಈ ಕಾಟ ಇಲ್ಲ, ಆದರೆ ಲಾರಿ ಬಾಡಿಗೆಯನ್ನು ಮುಕ್ಕಾಲು ಭಾಗ ನೀರಿಗೇ ಕೊಡುತ್ತಾರೆ.

ಡಿಒಎಸ್‌ಎಸ್: ಬಟ್ಟೆಗೆ ಬಣ್ಣ ಹಾಕುವ ಉದ್ಯಮದವರು ಬಳಸುವ ವೆಟಿಂಗ್ ಏಜೆಂಟ್. ಒದ್ದೆ ಮಾಡುವ ವೇಗದಲ್ಲಿ ಇದಕ್ಕೆ ಸಮ ಕಡಿಮೆ. ಕನ್ವೇಯರ್ ಬೆಲ್ಟ್ ಮೇಲೆ ಕಲ್ಲಿದ್ದಲು ಓಡುತ್ತಾ ಇರುವಾಗ ನೀರಿಗೆ ಸಿಗುವುದು ಕೆಲವೇ ಸೆಕೆಂಡು. ಅಂಥ ಕಡೆ ವೇಗವೇ ಎಲ್ಲ. ಬೆಲೆ ಜಾಸ್ತಿ. ಸೋಡಾ, ಕಾಸ್ಟಿಕ್ ಇರುವ ನೀರಿನಲ್ಲಿ ಬೆರೆಸಿ ಇಟ್ಟರೆ ಹಾಳಾಗುತ್ತದೆ, ತುಂಬಾ ಗಡಸು ನೀರಿನಲ್ಲಿ ಬಲ ಕುಂದುತ್ತದೆ.

ವಿದ್ಯುತ್ ಅಂಶ ಇಲ್ಲದ ಜಾತಿ, ಅಂದರೆ ನಾನ್‌ಅಯಾನಿಕ್: ಲಾರಿಲ್ ಆಲ್ಕೋಹಾಲ್ ಎಥಾಕ್ಸಿಲೇಟ್ ಅಂತ ಕೇಳಿ, 7 ಮೋಲ್, 9 ಮೋಲ್ ಅಂತ ಸಿಗುತ್ತದೆ (ಅಣುವಿನ ತಲೆಯಲ್ಲಿ ಎಥಿಲೀನ್ ಆಕ್ಸೈಡ್ ತುಂಡುಗಳು ಸರಾಸರಿ ಎಷ್ಟು ಅನ್ನುವ ಲೆಕ್ಕ). ನಮ್ಮ ಕಡೆಯ ನೀರಿಗೆ ನಾನು ಮೊದಲು ನೋಡಲು ಹೇಳುವುದು ಇದನ್ನೇ. ಕ್ಯಾಲ್ಸಿಯಂ ಇದಕ್ಕೆ ಏನೂ ಮಾಡುವುದಿಲ್ಲ. ತುಂಬಾ ಕಡಿಮೆ ಪ್ರಮಾಣದಲ್ಲೇ ಎಳೆತ ಇಳಿಸುತ್ತದೆ. ಪೆಟ್‌ಕೋಕ್‌ನಂಥ ಎಣ್ಣೆ ಮೈಗೂ ಅಂಟುತ್ತದೆ. ಕಿಲೋ ಲೆಕ್ಕದಲ್ಲಿ ದುಬಾರಿ ಅನ್ನಿಸಿದರೂ ಟ್ಯಾಂಕರ್ ಲೆಕ್ಕದಲ್ಲಿ ಎಷ್ಟೋ ಸಲ ಅಗ್ಗ ಬೀಳುತ್ತದೆ. ಇದಕ್ಕೊಂದು ದೌರ್ಬಲ್ಯ ಇದೆ: ಒಂದು ಬಿಸಿ ದಾಟಿದರೆ ನೀರಿನಿಂದ ಬೇರ್ಪಟ್ಟು ದ್ರಾವಣ ಮಬ್ಬಾಗುತ್ತದೆ. ಮೇ ತಿಂಗಳಲ್ಲಿ ಕಪ್ಪು ಪ್ಲಾಸ್ಟಿಕ್ ಟ್ಯಾಂಕನ್ನು ಬಿಸಿಲಲ್ಲಿ ಇಟ್ಟರೆ ಈ ಚಿಂತೆ ನಿಜ. 9 ಮೋಲ್ 7 ಮೋಲ್‌ಗಿಂತ ಹೆಚ್ಚು ಬಿಸಿ ತಡೆಯುತ್ತದೆ. ಟ್ಯಾಂಕಿಗೆ ನೆರಳು ಮಾಡಿ.

ಇದೇ ಜಾತಿಯಲ್ಲಿ ನೊನೈಲ್‌ಫಿನಾಲ್ ಎಥಾಕ್ಸಿಲೇಟ್ ಅಂತ ಒಂದಿದೆ, ಎನ್‌ಪಿ 9 ಅಂತ ಮಾರುತ್ತಾರೆ. ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೂ ನಾನು ಯಾರಿಗೂ ಹೇಳುವುದಿಲ್ಲ. ಅದು ಕೊಳೆತಾಗ ಉಳಿಯುವ ನೊನೈಲ್‌ಫಿನಾಲ್ ಮೀನುಗಳ ದೇಹದಲ್ಲಿ ಹೆಣ್ಣು ಹಾರ್ಮೋನಿನಂತೆ ವರ್ತಿಸುತ್ತದೆ. ಯುರೋಪಿನಲ್ಲಿ 2003ರಲ್ಲೇ ಬಿಗಿ ನಿರ್ಬಂಧ ಹಾಕಿದರು. ನಮ್ಮ ಯಾರ್ಡುಗಳ ಮಳೆನೀರು ಹರಿಯುವುದು ಕಾಗಿಣಾಕ್ಕೆ, ಅಲ್ಲಿಂದ ಭೀಮಾಕ್ಕೆ. ಆ ನೀರನ್ನು ಕುಡಿಯುವವರಿದ್ದಾರೆ.

ಸಕ್ಕರೆ ಅಂಶ ಮತ್ತು ತೆಂಗು-ತಾಳೆ ಎಣ್ಣೆಯಿಂದ ಮಾಡುವ ಆಲ್ಕೈಲ್ ಪಾಲಿಗ್ಲುಕೋಸೈಡ್ ಚರ್ಮಕ್ಕೆ ಮೆದು, ಬೇಗ ಕೊಳೆಯುತ್ತದೆ, ಗಡಸು ನೀರಿಗೂ ಬಿಸಿಗೂ ಜಗ್ಗುವುದಿಲ್ಲ. ದುಬಾರಿ, ನೊರೆಯೂ ಇದೆ. ಊರಿನ ಪಕ್ಕದಲ್ಲೇ ಯಾರ್ಡ್ ಇದ್ದು ಬಜೆಟ್ ಇದ್ದರೆ ತಗೊಳ್ಳಿ. ಅಂಟವಾಳದ ಕಾಯಿ ಆಗುತ್ತಾ ಅಂತ ಕೆಲವರು ಕೇಳುತ್ತಾರೆ. ಅದರಲ್ಲಿರುವ ಸಪೋನಿನ್ ಕೂಡ ಸರ್ಫ್ಯಾಕ್ಟೆಂಟ್ ಹೌದು. ಆದರೆ ಕುದಿಸಿ ಸೋಸಿದ ರಸ ಕೆಲವೇ ದಿನದಲ್ಲಿ ಹುಳಿಯುತ್ತದೆ, ಒಂದು ಸಲ ಬಂದ ಬಲ ಇನ್ನೊಂದು ಸಲ ಬರುವುದಿಲ್ಲ. ಯಾರ್ಡಿನ ಲೆಕ್ಕಕ್ಕೆ ಅದು ಹೊಂದುವುದಿಲ್ಲ.

ಧನ ವಿದ್ಯುತ್ತಿನ ಜಾತಿಯನ್ನು, ಅಂದರೆ ಕ್ಯಾಟಯಾನಿಕ್ ಅನ್ನು ಬಿಟ್ಟುಬಿಡಿ. ಕಲ್ಲಿದ್ದಲಿನ ಮೈ ನೀರಿನಲ್ಲಿ ಸಾಮಾನ್ಯವಾಗಿ ಋಣ. ಹಾಗಾಗಿ ಇದರ ತಲೆ ಕಲ್ಲಿದ್ದಲಿಗೆ ಅಂಟಿ ಬಾಲ ಹೊರಗೆ ನಿಲ್ಲಬಹುದು. ಆಗ ನೀರು ಇನ್ನೂ ಹಿಡಿಯುವುದಿಲ್ಲ.

ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಶಿಯಂ ಕ್ಲೋರೈಡ್ ಗಾಳಿಯ ತೇವ ಹೀರಿ ರಸ್ತೆಯನ್ನು ಒದ್ದೆ ಇಡುತ್ತವೆ. ಲಾರಿ ಓಡುವ ಮಣ್ಣಿನ ರಸ್ತೆಗೆ ಸರಿ. ಆದರೆ ನಮ್ಮ ಬೇಸಿಗೆಯ ಮಧ್ಯಾಹ್ನ ಗಾಳಿಯಲ್ಲೇ ತೇವ ಇರುವುದಿಲ್ಲ, ಬೇಕಾದಾಗಲೇ ಕೈಕೊಡುತ್ತವೆ. ಗೂಡಿನ ಕಲ್ಲಿದ್ದಲಿಗಂತೂ ಮುಟ್ಟಿಸಬೇಡಿ.

ಬೀದರ್, ಆಳಂದದ ಕಡೆಯವರು ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿ ಹೇಗೆ ಅಂತ ಕೇಳುತ್ತಾರೆ. ಅದು ಒದ್ದೆ ಮಾಡುವುದಲ್ಲ, ಅಂಟಿಸುವುದು. ಮುಟ್ಟದೆ ತಿಂಗಳುಗಟ್ಟಲೆ ನಿಲ್ಲುವ ರಾಶಿಯ ಮೇಲೆ ಗಟ್ಟಿ ಪದರ ಕಟ್ಟಲು ಆಗುತ್ತದೆ, ಮೊದಲ ಮಳೆಗೆ ತೊಳೆದು ಹೋಗುತ್ತದೆ. ಅಬಕಾರಿ ಪರವಾನಗಿಯೂ ಬೇಕು.

ಗ್ಲಾಸಿನ ಪರೀಕ್ಷೆ

ಇದಕ್ಕೆ ಲ್ಯಾಬ್ ಬೇಡ. 200 ಮೆಶ್ ಜರಡಿಯಲ್ಲಿ, ಅಂದರೆ 75 ಮೈಕ್ರಾನ್ ಕಿಂಡಿಯಲ್ಲಿ, ನಿಮ್ಮದೇ ಒಣ ಕಲ್ಲಿದ್ದಲು ಜರಡಿ ಹಿಡಿಯಿರಿ. ಗಾಜಿನ ಗ್ಲಾಸುಗಳಲ್ಲಿ ನಿಮ್ಮದೇ ಬೋರ್‌ವೆಲ್ ನೀರು 100 ಮಿಲಿ ಹಾಕಿ, ಒಂದೊಂದರಲ್ಲಿ ಒಂದೊಂದು ಸ್ಯಾಂಪಲ್ ಬೆರೆಸಿ. ಅರ್ಧ ಗ್ರಾಂ ಪುಡಿಯನ್ನು ಹಗುರಾಗಿ ಮೇಲೆ ಉದುರಿಸಿ, ಪೂರ್ತಿ ಮುಳುಗಲು ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ನೋಡಿ.

ಬರೀ ನೀರಿನ ಗ್ಲಾಸಿನಲ್ಲಿ ಪುಡಿ ಕರಿ ಕೆನೆಯ ಹಾಗೆ ತೇಲುತ್ತಾ ನಿಲ್ಲುತ್ತದೆ, ಸಂಜೆ ಬಂದು ನೋಡಿದರೂ ಹಾಗೇ ಇರಬಹುದು. ಒಳ್ಳೆಯ ಸ್ಯಾಂಪಲ್‌ನಲ್ಲಿ ಮೊದಲು ಕೆನೆಯಲ್ಲಿ ತೂತು ಬೀಳುತ್ತದೆ, ಆಮೇಲೆ ಕರಿ ಎಳೆಗಳು ಹೊಗೆಯ ಹಾಗೆ ಕೆಳಗೆ ಇಳಿಯುತ್ತವೆ. ಟೀ ಕುಡಿದು ಮುಗಿಸುವುದರೊಳಗೆ ಮೇಲೆ ಏನೂ ಉಳಿದಿರಬಾರದು. ಪ್ರತಿಯೊಂದನ್ನೂ ಮೂರು ಸಲ ಮಾಡಿ. ಪ್ರಮಾಣ ಶೇಕಡಾ 0.05, 0.1, 0.2 ಇಟ್ಟು ನೋಡಿ. ಇನ್ನಷ್ಟು ಹಾಕಿದರೂ ಸಮಯ ಇಳಿಯದಿದ್ದರೆ ಅದರ ಹಿಂದಿನದೇ ನಿಮ್ಮ ಪ್ರಮಾಣ. ಗ್ಲಾಸನ್ನು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಿಳಿ ಲೋಳೆ ಕಂಡರೆ ಆ ಸ್ಯಾಂಪಲ್ ಬೇಡ.

ಯಾರಿಗೆ ಯಾವುದು

ಸಣ್ಣ ಯಾರ್ಡ್, ಒಂದು ಟ್ಯಾಂಕರ್, ಬಿಗಿ ಬಜೆಟ್ ಇದ್ದವರು ಎಸ್‌ಎಲ್‌ಇಎಸ್‌ಗೆ ಸ್ವಲ್ಪ 9 ಮೋಲ್ ಎಥಾಕ್ಸಿಲೇಟ್ ಬೆರೆಸಿ ನೋಡಿ. ಈ ಎರಡು ಜಾತಿ ಕೂಡಿದರೆ ಎಷ್ಟೋ ಸಲ ಒಂಟಿಯಾಗಿ ಇರುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಲೋಡರ್ ಎತ್ತುವ ಮುಖದ ಮೇಲೆ ಮಾತ್ರ ಹೊಡೆಯಿರಿ, ಇಡೀ ರಾಶಿ ಬೇಡ. ಒದ್ದೆ ಮಾಡಿ ಒಣಗಿಸಿ ಮತ್ತೆ ಒದ್ದೆ ಮಾಡುತ್ತಾ ಹೋದರೆ ರಾಶಿ ಒಳಗೇ ಬಿಸಿಯೇರುವ ಅಪಾಯ ಹೆಚ್ಚುತ್ತದೆ.

ಕಾರ್ಖಾನೆಯಲ್ಲಿ ರೈಲಿನ ಡಬ್ಬಿಯನ್ನೇ ಮಗುಚಿ ಕಲ್ಲಿದ್ದಲು ಸುರಿಯುವ ವ್ಯಾಗನ್ ಟಿಪ್ಲರ್, ಕ್ರಷರ್, ಬೆಲ್ಟ್ ಬದಲಾಗುವ ಜಾಗಗಳಿಗೆ ಎಥಾಕ್ಸಿಲೇಟ್ ಅಥವಾ ಡಿಒಎಸ್‌ಎಸ್, ಡೋಸಿಂಗ್ ಪಂಪ್ ಜೊತೆ. ಮುಚ್ಚಿದ ಚ್ಯೂಟ್ ಇದ್ದರೆ ನೊರೆಯನ್ನೇ ಬಳಸುವ ವ್ಯವಸ್ಥೆ ಕೇಳಿ. ಅದು ತೀರಾ ಕಡಿಮೆ ನೀರು ಬೇಡುತ್ತದೆ. ಯಂತ್ರದ ಖರ್ಚು ಮೊದಲೇ ದೊಡ್ಡದಾಗಿ ಬೀಳುತ್ತದೆ, ಆದರೆ ತೇವ ತಡೆಯದ ಮಿಲ್ ಇದ್ದವರಿಗೆ ಅದು ಸರಿ. ಒಂದು ಮಾತು ಮರೆಯಬೇಡಿ: ದಪ್ಪ ಹನಿ ಬೀಳುವಾಗ ಅದರ ಸುತ್ತ ಹರಿಯುವ ಗಾಳಿ ಸಣ್ಣ ಧೂಳನ್ನು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ. ಮಂಜಿನಂಥ ಹನಿ ಕೊಡುವ ನಾಝಲ್ ಇಲ್ಲದಿದ್ದರೆ ಎಂಥ ಕೆಮಿಕಲ್ ಹಾಕಿದರೂ ಗಾಳಿಯಲ್ಲಿ ತೇಲುವ ಧೂಳು ಸಿಗುವುದಿಲ್ಲ.

ಗಣಿಯೊಳಗೆ ಕೆಲಸ ಮಾಡುವವರಿಗೆ ಆಯ್ಕೆ ನಿಮ್ಮ ಕೈಯಲ್ಲಿ ಇರುವುದಿಲ್ಲ, ಆದರೆ ಕೇಳುವ ಹಕ್ಕು ಇದೆ. ಮುಚ್ಚಿದ ಜಾಗದಲ್ಲಿ ಹನಿ ನೇರ ಮುಖಕ್ಕೆ ಬರುತ್ತದೆ. ಕಣ್ಣು ಉರಿಸದ, ವಾಸನೆ ಕಡಿಮೆ ಇರುವ ನಾನ್‌ಅಯಾನಿಕ್ ಅಲ್ಲಿ ಮೇಲು. ಕಲ್ಲಿದ್ದಲು ಕತ್ತರಿಸುವ ಮೊದಲೇ ಅದರ ಪದರದೊಳಗೆ ರಂಧ್ರ ಕೊರೆದು ನೀರು ತುಂಬುವ ಪದ್ಧತಿ ಇದ್ದರೆ ಸರ್ಫ್ಯಾಕ್ಟೆಂಟ್‌ನಿಂದ ನೀರು ಸಣ್ಣ ಬಿರುಕಿಗೂ ಇಳಿಯುತ್ತದೆ. ಆದರೆ ಸ್ಫೋಟ ತಡೆಯಲು ಹರಡುವ ಸುಣ್ಣದಕಲ್ಲಿನ ಪುಡಿಗೆ ಇದು ಬದಲಿ ಅಲ್ಲ. 1906ರಲ್ಲಿ ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ ಕಲ್ಲಿದ್ದಲು ಧೂಳು ಸಿಡಿದು 1,099 ಜನ ಸತ್ತರು.

ಯಾರಿಂದ ಕೊಂಡರೂ ಮೂರು ವಿಷಯ ಬರಹದಲ್ಲಿ ತಗೊಳ್ಳಿ: ಯಾವ ಜಾತಿ, ಸರುಕು ಶೇಕಡಾ ಎಷ್ಟು, ಕ್ಲೋರೈಡ್ ಇದೆಯಾ. ಮೊದಲು ಒಂದು ಲೀಟರ್ ಸ್ಯಾಂಪಲ್ ತರಿಸಿ. ಗ್ಲಾಸಿನಲ್ಲಿ ಗೆದ್ದದ್ದರಲ್ಲಿ ಅರ್ಧ ಲೀಟರ್ ಬಾಟಲಿಗೆ ತುಂಬಿ, ತಾರೀಖು ಬರೆದು ನೆರಳಲ್ಲಿ ಇಡಿ. ಮುಂದಿನ ಡ್ರಮ್ ಬಂದ ದಿನ ಆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದ ಗ್ಲಾಸಿನಲ್ಲಿ ಹಾಕಿ ನೋಡಿ, ಆಮೇಲೆ ಬಿಲ್ಲಿಗೆ ಸಹಿ ಮಾಡಿ.